ಪಟ್ಟಿನ ಗುಟ್ಟು

ತನ್ನಷ್ಟೇ ಭಾರದ ಎದುರಾಳಿಯನ್ನು ಹಿಡಿದೆತ್ತಿ ಕೆಡಹುವುದು ಹೇಗೆಂಬ ಪ್ರಶ್ನೆ ಬಹಳ ಹಳೆಯದು. ಇಂದು ಅನೇಕ ವಿದ್ಯಾರ್ಥಿಗಳು ಅದನ್ನು ಕೇಳುವುದು ಗರಡಿಯ ಮಣ್ಣಿನಲ್ಲಿ ನಿಂತಲ್ಲ, ಪರದೆಯ ಮುಂದೆ ಕುಳಿತು. ಜಪಾನಿನ ಕ್ಯಾಪ್‌ಕಾಮ್ ಸಂಸ್ಥೆಯು 1991ರಲ್ಲಿ ಹೊರತಂದ ‘ಸ್ಟ್ರೀಟ್ ಫೈಟರ್ 2’ ಎಂಬ ಆಟದಲ್ಲಿ ಜಾಂಗೀಫ್ ಎಂಬ ರಷ್ಯದ ಜಟ್ಟಿಯಿದ್ದಾನೆ. ಅವನು ಎದುರಾಳಿಯನ್ನು ತಲೆಕೆಳಗಾಗಿ ತಬ್ಬಿ, ಬುಗುರಿಯಂತೆ ಸುತ್ತುತ್ತ ಮೇಲಕ್ಕೆ ನೆಗೆದು, ಬಳಿಕ ನೆಲಕ್ಕೆ ಕುಟ್ಟುತ್ತಾನೆ. ಇದು ನಿಜವಾಗಿ ನಡೆದೀತೆ ಎಂದು ಹುಡುಗರು ಚರ್ಚಿಸಿದರೆ, ಅದು ಕಾಲಹರಣವೆಂದು ಹಿರಿಯರು ಗದರಿಸುವುದುಂಟು. ನನ್ನ ಅಭಿಪ್ರಾಯ ಬೇರೆ. ಪ್ರಶ್ನೆ ಒಳ್ಳೆಯದೇ, ಅದನ್ನು ಊಹೆಯಲ್ಲೇ ಬಿಟ್ಟುಬಿಡುವುದು ಮಾತ್ರ ಸಲ್ಲದು.

ಮೊದಲು ಲೆಕ್ಕ ಹಾಕೋಣ. ಇಬ್ಬರೂ ತಲಾ 100 ಕಿಲೋಗ್ರಾಂ ತೂಗುವರೆಂದೂ, 3 ಮೀಟರ್ ಮೇಲಕ್ಕೇರುವರೆಂದೂ ಇಟ್ಟುಕೊಳ್ಳೋಣ. ಇದಕ್ಕೆ ಬೇಕಾಗುವ ಶಕ್ತಿ 200 × 9.8 × 3, ಅಂದರೆ 5,880 ಜೌಲ್. ಅಷ್ಟೇ ತೂಕದವನೊಬ್ಬನು ನಿಂತಲ್ಲಿಂದ ಅರ್ಧ ಮೀಟರ್ ಜಿಗಿದರೆ ಅವನ ಕಾಲುಗಳು ಒದಗಿಸುವುದು 490 ಜೌಲ್. ಜಾಂಗೀಫನಿಗೆ ಇದರ ಹನ್ನೆರಡು ಪಟ್ಟು ಬೇಕು! ಸುತ್ತುವಿಕೆಯೂ ತೊಡಕಿನದೇ. ಕಾಲು ನೆಲ ಬಿಟ್ಟ ಮೇಲೆ ಆತುಕೊಳ್ಳಲು ಏನೂ ಇಲ್ಲವಾದುದರಿಂದ, ಬೇಕಾದ ಭ್ರಮಣವನ್ನೆಲ್ಲ ನೆಲದ ಮೇಲಿರುವಾಗಲೇ ಗಳಿಸಿಕೊಳ್ಳಬೇಕು. ಆಟದ ಜಟ್ಟಿ ಈ ನಿಯಮಕ್ಕೆ ಬಗ್ಗುವುದಿಲ್ಲ.

ಆದರೆ ಒಂದು ವಿಷಯದಲ್ಲಿ ಆಟವು ಸತ್ಯಕ್ಕೆ ಸಮೀಪವಾಗಿದೆ. ತೋಳು ಅಡ್ಡ ಹಿಡಿದವನಿಗೆ ಗುದ್ದು ತಾಕದು, ಹಿಡಿತವಾದರೋ ತಾಕುತ್ತದೆ. ಏಟಿನ ಬಲ ಕ್ಷಣಮಾತ್ರ ಇರುವಂಥದು, ಅದನ್ನು ತಡೆಯಬಹುದು. ಹಿಡಿತದ ಬಲ ಬಿಡದೆ ದುಡಿಯುತ್ತದೆ, ಎದುರಾಳಿಯ ಅಲುಗಾಟಕ್ಕೆ ತಕ್ಕಂತೆ ದಿಕ್ಕು ಬದಲಿಸುತ್ತದೆ.

ನಿಜವಾದ ಹಿಡಿತದ ಗುಟ್ಟನ್ನು ಕಾಣಲು ಹಾವೇರಿ ಸೀಮೆಯ ವಿದ್ಯಾರ್ಥಿ ದೂರ ಹೋಗಬೇಕಾಗಿಲ್ಲ. ಜಾತ್ರೆಯ ಕಾಲಕ್ಕೆ ಕುಸ್ತಿಯ ಕಣವನ್ನು ಸಜ್ಜುಗೊಳಿಸುವುದು ಈ ಭಾಗದ ವಾಡಿಕೆ. ಪೈಲ್ವಾನರು ಸೆಣಸುವಾಗ ಬೆವರಿನ ಮೈ ಜಾರದಂತೆ ಮಣ್ಣು ತಿಕ್ಕುವರು. ಘರ್ಷಣೆಯ ಪಾಠ ಅಲ್ಲಿಂದಲೇ ಆರಂಭವಾಯಿತು. ‘ಧೋಬಿ ಪಛಾಡ್’ ಎಂಬ ಪಟ್ಟಿನಲ್ಲಿ ಜಟ್ಟಿಯು ಎದುರಾಳಿಯ ತೋಳನ್ನು ಸೆಳೆದು, ಬೆನ್ನು ತಿರುಗಿಸಿ, ತನ್ನ ಸೊಂಟವನ್ನು ಅವನ ಸೊಂಟಕ್ಕಿಂತ ಕೆಳಗಿಳಿಸಿ, ಅಗಸನು ಬಟ್ಟೆಯನ್ನು ಕಲ್ಲಿಗೆ ಒಗೆಯುವಂತೆ ಹೆಗಲ ಮೇಲಿಂದ ಒಗೆಯುತ್ತಾನೆ. ಇಲ್ಲಿ ಎದುರಾಳಿಯನ್ನು ಮೇಲಕ್ಕೆತ್ತುವ ಕೆಲಸ ಅತ್ಯಲ್ಪ. ಅವನ ಗುರುತ್ವಕೇಂದ್ರದಿಂದ ಇಳಿಯುವ ಲಂಬರೇಖೆಯು ಪಾದಗಳ ನಡುವಣ ಆಧಾರವನ್ನು ದಾಟಿದರೆ ಸಾಕು, ಉಳಿದುದನ್ನು ಭೂಮಿಯೇ ಮಾಡುತ್ತದೆ. 1882ರಲ್ಲಿ ಜೂಡೋ ಕಲೆಯನ್ನು ಸ್ಥಾಪಿಸಿದ ಜಪಾನಿನ ಜಿಗೊರೊ ಕಾನೊ ಸಹ, ಮೊದಲು ಸಮತೋಲ ಕೆಡಿಸಬೇಕು, ಆಮೇಲೆ ಎಸೆಯಬೇಕು ಎಂದೇ ಕಲಿಸಿದರು.

1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಕಂಚಿನ ಪದಕ ಗೆದ್ದ ಖಾಶಾಬಾ ಜಾಧವರು 57 ಕಿಲೋಗ್ರಾಂ ಮಿತಿಯ ವರ್ಗದವರು. ಎದುರಾಳಿಯ ತಲೆಯನ್ನು ತೋಳಿನಲ್ಲಿ ಸಿಲುಕಿಸಿ ಕೆಡಹುವ ‘ಢಾಕ್’ ಪಟ್ಟಿಗೆ ಅವರು ಪ್ರಸಿದ್ಧರು. ತಲೆಯನ್ನೇ ಏಕೆ ಹಿಡಿಯಬೇಕು? ಪಾದದಿಂದ 1 ಮೀಟರ್ ಎತ್ತರದಲ್ಲಿ ಸೊಂಟವನ್ನು ಸೆಳೆಯುವ ಬಲವನ್ನೇ 1.5 ಮೀಟರ್ ಎತ್ತರದಲ್ಲಿ ಕತ್ತಿಗೆ ಹಾಕಿದರೆ ಉರುಳಿಸುವ ಪರಿಣಾಮ ಒಂದೂವರೆ ಪಟ್ಟಾಗುತ್ತದೆ. ಇದು ನಾವು ಬಂಡೆ ಮೀಟುವಾಗ ಬಳಸುವ ಸನ್ನೆಕೋಲಿನ ತತ್ತ್ವವೇ.

ಗರಡಿಯ ವಸ್ತಾದರು ಇದನ್ನೆಲ್ಲ ಮೈಯಿಂದ ಬಲ್ಲರು; ನಮ್ಮ ಪಠ್ಯಪುಸ್ತಕ ಸೂತ್ರಗಳಿಂದ ಬಲ್ಲದು. ಇವೆರಡೂ ಒಂದನ್ನೊಂದು ಕಾಣದಿರುವುದೇ ವಿಷಾದದ ಸಂಗತಿ. ಶಿಗ್ಗಾವಿ ತಾಲ್ಲೂಕಿನ ಹಿರೇಬೆಂಡಿಗೇರಿಯಂಥ ಊರಿನ ಪ್ರೌಢಶಾಲೆಯಲ್ಲಿ ಚಲನಶಾಸ್ತ್ರದ ಪಾಠ ಬಂದಾಗ ವಸ್ತಾದರೊಬ್ಬರನ್ನು ಒಂದು ಗಂಟೆ ಕರೆಯಿಸಬಾರದೇಕೆ? ಅವರು ಪಟ್ಟನ್ನು ನಿಧಾನವಾಗಿ ತೋರಿಸಲಿ. ಉಪಾಧ್ಯಾಯರು ಆಧಾರ, ಸನ್ನೆ, ಗುರುತ್ವಕೇಂದ್ರಗಳನ್ನು ಹಲಗೆಯ ಮೇಲೆ ಬರೆಯಲಿ. ಇದಕ್ಕೆ ಯಾವ ಉಪಕರಣವೂ ಬೇಡ, ಹಣವೂ ಬೇಡ.

ಇದರಿಂದ ಇನ್ನೊಂದು ಉಪಕಾರವೂ ಉಂಟು. ಪರದೆಯಲ್ಲಿ ತಲೆಕೆಳಗಾಗಿ ಬಿದ್ದವನು ಮರುಕ್ಷಣ ಎದ್ದು ನಿಲ್ಲುತ್ತಾನೆ. ನೆಲದಲ್ಲಾದರೆ ಇಡೀ ದೇಹದ ಭಾರ ಕತ್ತಿನ ಮೇಲೆ ಬೀಳುವುದು. ಬೆನ್ನುಹುರಿಗೆ ಪೆಟ್ಟಾದರೆ ಕೈಕಾಲುಗಳು ಜೀವಮಾನವಿಡೀ ಸ್ವಾಧೀನ ತಪ್ಪಬಹುದು. ಎದುರಾಳಿಯ ತಲೆಯನ್ನು ನೆಲಕ್ಕೆ ಕುಟ್ಟುವುದು ಸ್ಪರ್ಧಾ ಕುಸ್ತಿಯಲ್ಲಿ ನಿಷಿದ್ಧವಾಗಿರುವುದು ಇದಕ್ಕಾಗಿಯೇ. ಲೆಕ್ಕ ಬಲ್ಲ ಹುಡುಗನು ಗೆಳೆಯನ ಮೇಲೆ ಆ ಪ್ರಯೋಗಕ್ಕೆ ಕೈಹಾಕಲಾರ.

ಪ್ರಯೋಗ ಮಾಡುವ ಆಸೆಯುಳ್ಳವರು ಹಿಮ್ಮಡಿಯನ್ನು ಗೋಡೆಗೆ ತಾಗಿಸಿ ನಿಂತು, ಮೊಳಕಾಲು ಮಡಿಸದೆ ಬಗ್ಗಿ ಕಾಲ್ಬೆರಳನ್ನು ಮುಟ್ಟಲು ಯತ್ನಿಸಲಿ. ಸೊಂಟ ಹಿಂದೆ ಸರಿಯಲು ಗೋಡೆ ಬಿಡದು. ಮೈ ಮುಂದಕ್ಕೆ ಮುಗ್ಗರಿಸುವುದು. ಯಾರೂ ಹಿಡಿಯದೆ, ಯಾರೂ ತಳ್ಳದೆ ತಾನು ಏಕೆ ಬಿದ್ದೆನೆಂದು ಹೇಳಬಲ್ಲವನು ಪಟ್ಟಿನ ಗುಟ್ಟನ್ನು ಅರಿತಂತೆಯೇ ಸರಿ.