ಪರಾಧೀನ ವೃದ್ಧರ ಶುಚಿತ್ವ

ವೃದ್ಧಾಶ್ರಮಗಳ ಮಾತು ಬಂದಾಗಲೆಲ್ಲ ನಮ್ಮ ಮಹಾಜನರು ಅನ್ನದ ಮಾತನ್ನೇ ಆಡುವರು. ಹುಟ್ಟುಹಬ್ಬಕ್ಕೋ ಹಿರಿಯರ ತಿಥಿಗೋ ಒಂದು ಹೊತ್ತಿನ ಸಿಹಿಯೂಟ ಬಡಿಸಿ, ಪಟ ತೆಗೆಯಿಸಿಕೊಂಡು ಮರಳುವರು. ಆ ಊಟವನ್ನು ನಾವು ಹಳಿಯುವುದಿಲ್ಲ. ಆದರೆ ಎದ್ದು ಕೂಡ್ರಲಾರದ ವೃದ್ಧರೊಬ್ಬರ ಹಾಸಿಗೆಯು ನಡುರಾತ್ರಿಯಲ್ಲಿ ಒದ್ದೆಯಾದರೆ ಅದನ್ನು ಬದಲಿಸುವ ಕೈ ಯಾವಾಗ ಬರುವುದು? ಬೆಳಗಿನ ಪಾಳಿಯವರು ಬಂದ ಮೇಲೆ ಎಂಬುದೇ ಉತ್ತರವಾದರೆ, ಅಂಥ ಆಶ್ರಮದಲ್ಲಿ ಶುಚಿತ್ವವಿದೆಯೆಂದು ನಾವು ಒಪ್ಪಲಾರೆವು.

ಇಲ್ಲಿ ಹೊತ್ತೇ ಮುಖ್ಯವು. ಮಲಮೂತ್ರದಲ್ಲಿ ನೆನೆದ ಮುದಿ ಚರ್ಮವು ಬೇಗನೆ ಮೆತ್ತಗಾಗಿ ಸುಲಿಯುತ್ತದೆ. ಒಂದೇ ಮಗ್ಗುಲಲ್ಲಿ ಬಹಳ ಹೊತ್ತು ಮಲಗಿದರೆ ಎಲುಬು ಒತ್ತುವ ಟೊಂಕ, ಹಿಮ್ಮಡಿಗಳಲ್ಲಿ ರಕ್ತದ ಓಟ ಕುಂದಿ ಹುಣ್ಣಾಗುತ್ತದೆ. ಚರ್ಮ ಕೆಂಪಗಾದಾಗಲೇ ಕಂಡು, ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಮೈ ಒಣಗಿಸಿದರೆ ಬಹುಮಟ್ಟಿಗೆ ಇದನ್ನು ತಡೆಯಬಹುದು. ಎಲುಬು ಕಾಣುವಷ್ಟು ಆಳವಾದ ಮೇಲೆ ತಿಂಗಳುಗಟ್ಟಲೆ ಚಿಕಿತ್ಸೆಯೂ ಸಾಲದೆ ಹೋಗುವುದುಂಟು.

ಹಿರಿಯ ನಾಗರಿಕರ ಸಂರಕ್ಷಣೆಗಾಗಿ 2007ರಲ್ಲಿ ಆದ ಕಾಯಿದೆಯ 19ನೆಯ ಕಲಮು, ಜಿಲ್ಲೆಗೊಂದಾದರೂ, 150 ನಿರ್ಗತಿಕ ವೃದ್ಧರಿಗೆ ಎಡೆಯಿರುವ ಆಶ್ರಮವನ್ನು ಸರಕಾರದವರು ಸ್ಥಾಪಿಸಬಹುದೆನ್ನುತ್ತದೆ. ಅಲ್ಲಿಯ ಸೇವೆಗಳ ಮಟ್ಟವನ್ನು ಗೊತ್ತುಪಡಿಸುವ ಅಧಿಕಾರವನ್ನೂ ಕೊಡುತ್ತದೆ. ಆದರೆ ಆ ಕಲಮು ಹೆಸರೆತ್ತಿರುವುದು ವೈದ್ಯಕೀಯ ಆರೈಕೆ ಮತ್ತು ಮನರಂಜನೆ ಇವೆರಡನ್ನು ಮಾತ್ರ. ಮೈ ತೊಳೆಯುವ, ಬಟ್ಟೆ ಬದಲಿಸುವ ಮಾತೇ ಇಲ್ಲ. ಟೆಲಿವಿಷನ್ ಇದ್ದರಾಯಿತು, ಬಿಸಿನೀರಿಲ್ಲದಿದ್ದರೂ ಕಾಯಿದೆಗೆ ಭಂಗವಿಲ್ಲವೆಂದು ವಾದಿಸುವ ಜಾಣರೂ ಹುಟ್ಟಿಯಾರು!

ಈ ಕೆಲಸವನ್ನು ಹೇಸಿಗೆಯದೆಂದೆಣಿಸಿ, ಅತಿ ಕಡಮೆ ಸಂಬಳದ ಹೆಂಗಸರ ತಲೆಗೆ ಕಟ್ಟಿ ನಾವು ಮುಖ ತಿರುಗಿಸುತ್ತೇವೆ. 1939ರಲ್ಲಿ ಸೇವಾಗ್ರಾಮಕ್ಕೆ ಬಂದ ಕುಷ್ಠರೋಗಿ ಪರಚುರೆ ಶಾಸ್ತ್ರಿಗಳ ಶುಶ್ರೂಷೆಯನ್ನು ಮಹಾತ್ಮರು ತಮ್ಮ ಕೈಯಿಂದಲೇ ಮಾಡುತ್ತಿದ್ದರು. ಅವರ ಪಟವನ್ನು ಕಚೇರಿಯ ಗೋಡೆಗೆ ತೂಗಿಹಾಕಿರುವವರಿಗೆ ಇದನ್ನು ನೆನಪಿಸಬೇಕಾಗಿ ಬಂದಿರುವುದು ವಿಷಾದಕರ.

ನಮ್ಮ ಹಗರಿಬೊಮ್ಮನಹಳ್ಳಿ ತಾಲ್ಲೂಕು 2021ರಿಂದ ವಿಜಯನಗರ ಜಿಲ್ಲೆಗೆ ಸೇರಿದೆ. ಮಕ್ಕಳು ದುಡಿಮೆಗಾಗಿ ಬೆಂಗಳೂರಿಗೆ ಗುಳೆ ಹೋಗಿ, ಮುದುಕರಷ್ಟೇ ಉಳಿದ ಮನೆಗಳು ಈ ಸೀಮೆಯಲ್ಲಿ ಅಪರೂಪವಲ್ಲ. ನಾಳೆ ಅವರಲ್ಲಿ ಕೆಲವರಿಗಾದರೂ ಪರರ ಕೈಯೇ ಗತಿ. ಆದುದರಿಂದ ಜಿಲ್ಲಾಧಿಕಾರಿಗಳಲ್ಲಿ ನಮ್ಮ ಬಿನ್ನಹವಿಷ್ಟು: ರಾತ್ರಿ ಪಾಳಿಯಲ್ಲಿ ಎಷ್ಟು ಹಾಸಿಗೆಗೆ ಎಷ್ಟು ಮಂದಿ ಸೇವಕರೆಂಬುದನ್ನು ಪ್ರತಿಯೊಂದು ಆಶ್ರಮದ ಬಾಗಿಲಲ್ಲಿಯೇ ಬರೆಯಿಸಬೇಕು, ವೃದ್ಧೆಯರ ಮೈ ತೊಳೆಯಲು ಹೆಂಗಸರೇ ಇರಬೇಕು, ನಡುವೆ ಪರದೆ ಇರಬೇಕು. ತನಿಖೆಗೆ ಬರುವ ಅಧಿಕಾರಿಗಳು ಮುನ್ಸೂಚನೆಯಿಲ್ಲದೆ ನಸುಕಿನ ಐದು ಗಂಟೆಗೆ ಬರಲಿ. ರಿಜಿಸ್ಟರನ್ನು ಆಮೇಲೆ ನೋಡಲಿ, ಮೊದಲು ಹಾಸಿಗೆಯನ್ನು ಮುಟ್ಟಿ ನೋಡಲಿ.