ವಿಐಎಸ್‌ಎಲ್ ಗುತ್ತಿಗೆ ಕಾರ್ಮಿಕರ ಹೆಸರು ಯಾರ ಪುಸ್ತಕದಲ್ಲಿದೆ?

ಭದ್ರಾವತಿ: ಕಾರ್ಖಾನೆ ಸಂಬಳದ ದಿನ ಅಂದ್ರೆ ನಮ್ಮ ಪೇಟೆ ಕಿರಾಣಿ ಅಂಗಡಿಗಳಲ್ಲಿ ಸಾಲದ ಪುಸ್ತಕ ತೆರೆಯುವ ದಿನ. ಆ ಪುಸ್ತಕದಲ್ಲಿ ಕಾಯಂ ನೌಕರ, ಗುತ್ತಿಗೆ ನೌಕರ ಅಂತ ಬೇರೆ ಬೇರೆ ಪುಟ ಇರೋದಿಲ್ಲ. ಕಾನೂನಿನ ಪುಸ್ತಕದಲ್ಲಿ ಇದೆ.

ವಿಐಎಸ್‌ಎಲ್ ಮುಚ್ಚುತ್ತೇವೆ ಎಂದು ಸೈಲ್ ತೀರ್ಮಾನಿಸಿದ್ದು 2023ರ ಜನವರಿಯಲ್ಲಿ. ಆಗ ಧರಣಿ ಕೂತವರು ಗುತ್ತಿಗೆ ಕಾರ್ಮಿಕರು. ಅದೇ ವರ್ಷ ಆಗಸ್ಟ್‌ನಲ್ಲಿ ಬಾರ್ ಮಿಲ್ ಮತ್ತೆ ಶುರುವಾಯ್ತು. ಆದರೆ ಅವರ ಪರವಾಗಿ ಮಾತಾಡೋರು ಯಾರು ಅನ್ನೋ ಪ್ರಶ್ನೆ ಹಾಗೇ ಉಳಿದಿದೆ.

2025ರ ನವೆಂಬರ್ 21ರಿಂದ ಕೈಗಾರಿಕಾ ಸಂಬಂಧ ಸಂಹಿತೆ ಜಾರಿಯಲ್ಲಿದೆ. ಒಂದು ಕಾರ್ಖಾನೆಯಲ್ಲಿ ಹಲವು ಸಂಘಗಳಿದ್ದರೆ, ಮಸ್ಟರ್ ರೋಲ್‌ನಲ್ಲಿರುವ ಕಾರ್ಮಿಕರ ಪೈಕಿ ಶೇ 51ರಷ್ಟು ಬೆಂಬಲ ಇರುವ ಸಂಘವೇ ಆಡಳಿತದ ಎದುರು ಮಾತುಕತೆಗೆ ಕೂರಬೇಕು. ಯಾರಿಗೂ ಅಷ್ಟು ಬೆಂಬಲ ಇಲ್ಲದಿದ್ದರೆ ಕನಿಷ್ಠ ಶೇ 20 ಇರುವ ಸಂಘಗಳು ಸೇರಿ ಒಂದು ಮಂಡಳಿ. ಮುಷ್ಕರಕ್ಕೆ 14 ದಿನ ಮೊದಲೇ ನೋಟಿಸ್. ಕೇಳೋಕೆ ಸರಿಯಾಗೇ ಇದೆ. ಆದರೆ ಗುತ್ತಿಗೆಯವರ ಹೆಸರಿರೋದು ಗುತ್ತಿಗೆದಾರನ ರೋಲ್‌ನಲ್ಲಿ, ಕಾರ್ಖಾನೆಯದರಲ್ಲಲ್ಲ. ಗುತ್ತಿಗೆದಾರ ಬದಲಾದರೆ ರೋಲೂ ಬದಲು.

ಸಂಘಕ್ಕೆ ಮಾನ್ಯತೆ ಸಿಗೋದು ಇಲ್ಲಿ ಯಾವತ್ತೂ ಸಲೀಸಾಗಿರಲಿಲ್ಲ. ಕೆಮ್ಮಣ್ಣುಗುಂಡಿ ಅದಿರು, ಮಲೆನಾಡಿನ ಕಟ್ಟಿಗೆ ಇದ್ದಿಲು ನಂಬಿ ಇಲ್ಲಿ ಕಬ್ಬಿಣ ಕರಗಿಸೋಕೆ ಶುರು ಮಾಡಿದ್ದು 1923ರಲ್ಲಿ. ಆ ಹೊತ್ತಿಗೆ ಜಮ್‌ಶೆಡ್‌ಪುರದ ಟಾಟಾ ಕಾರ್ಮಿಕರು ಸಂಘ ಕಟ್ಟಿ ಮೂರು ವರ್ಷ ಆಗಿತ್ತು; 1928ರಲ್ಲಿ ಸುಭಾಷ್‌ಚಂದ್ರ ಬೋಸರೇ ಅದರ ಅಧ್ಯಕ್ಷರಾದರು. ಬ್ರಿಟಿಷ್ ಇಂಡಿಯಾದ 1926ರ ಕಾರ್ಮಿಕ ಸಂಘಗಳ ಕಾಯ್ದೆ ಮೈಸೂರು ಸಂಸ್ಥಾನಕ್ಕೆ ಅನ್ವಯಿಸುತ್ತಿರಲಿಲ್ಲ. ನಮ್ಮ ಕಡೆ ಸಂಘಕ್ಕೆ ಕಾನೂನಿನ ಮಾನ್ಯತೆ ಬಂದಿದ್ದು 1941ರಲ್ಲಿ. ಮರುವರ್ಷವೇ ಕ್ವಿಟ್ ಇಂಡಿಯಾ ಚಳವಳಿ, ಭದ್ರಾವತಿಯ ಕಾರ್ಮಿಕರೂ ಕೆಲಸ ನಿಲ್ಲಿಸಿದರು.

ಕಾರ್ಖಾನೆ ಚರಿತ್ರೆ ಅಂದರೆ ವಿಶ್ವೇಶ್ವರಯ್ಯನವರ ಹೆಸರು, 1989ರಲ್ಲಿ ಸೈಲ್ ಕೈಗೆ ಹೋಗಿದ್ದು, 1998ರಲ್ಲಿ ವಿಲೀನ ಆಗಿದ್ದು ಎಲ್ಲರಿಗೂ ಗೊತ್ತು. ಕಾರ್ಮಿಕರು ತಾವೇ ಬರೆದಿದ್ದು ಮಾತ್ರ ಕರಪತ್ರದಲ್ಲಿ, ಸಂಘದ ನಡಾವಳಿ ಪುಸ್ತಕದಲ್ಲಿ. ಆ ಕರಪತ್ರಗಳ ಗತಿ ಏನು? ಓದಿದ ಮೇಲೆ ಬೋಂಡಾ ಕಟ್ಟೋಕೆ ಹೋದವು (ಅಂಗಡಿಯವರನ್ನ ದೂರೋದಲ್ಲ, ಕಾಗದ ಯಾರಿಗೂ ಬೇಡವಾಗಿತ್ತು). ಯಾವ ವರ್ಷ ಎಷ್ಟು ಬೋನಸ್ ಕೇಳಿದ್ರು, ಆಡಳಿತ ಯಾವುದಕ್ಕೆ ಒಪ್ಪಿತ್ತು ಅನ್ನೋದಕ್ಕೆ ಅಡಿಯಲ್ಲಿ ಪ್ರೆಸ್ಸಿನ ಹೆಸರಿರುವ ಒಂದು ಚೀಟಿಯೂ ಸಾಕ್ಷಿ. ಈಗ ಎಲ್ಲ ವಾಟ್ಸ್‌ಆ್ಯಪ್‌ನಲ್ಲಿ. ಫೋನ್ ಹೋದ್ರೆ ಅದೂ ಹೋಯ್ತು.

ಹೊಸ ಸಂಹಿತೆಗಳಲ್ಲಿ ಗುತ್ತಿಗೆಯವರ ಕೈಗೆ ಸಿಗುವ ಒಂದು ಕಾಗದವೂ ಇದೆ. ಪ್ರತಿ ಕಾರ್ಮಿಕನಿಗೂ ನೇಮಕಾತಿ ಪತ್ರ ಕಡ್ಡಾಯ. ಇನ್ನೂ ಕೈಸೇರದವರು ಗುತ್ತಿಗೆದಾರನ ಹತ್ತಿರ ಬಾಯಿಮಾತಲ್ಲಿ ಅಲ್ಲ, ಬರೆದು ಕೇಳಿ. ಒಂದು ಪ್ರತಿ ನಿಮ್ಮ ಹತ್ತಿರ ಇರಲಿ, ಇನ್ನೊಂದು ಸಂಘದ ಕಚೇರಿಯಲ್ಲಿ.