ಚಟ ಬಿಡಿಸಲು ಅನುದಾನ: ರೋಗಿ ಮತ್ತೆ ಬಂದರಲ್ಲವೇ ಲಾಭ?

ಕಾಸರಗೋಡು: ಅಮಲು ಚಟ ಬಿಡಿಸಲು ಕೇರಳ ಸರಕಾರ 2016ರಲ್ಲಿ 'ವಿಮುಕ್ತಿ' ಯೋಜನೆ ತಂದಿತು. 2018ರ ಕೇಂದ್ರ ಕ್ರಿಯಾ ಯೋಜನೆಯೂ ವ್ಯಸನಮುಕ್ತಿ ಕೇಂದ್ರಗಳಿಗೆ ಅನುದಾನ ಕೊಟ್ಟಿತು. ನಮ್ಮ ಜಿಲ್ಲೆಯಲ್ಲಿ ವಿಮುಕ್ತಿ ಕೇಂದ್ರ ತೆರೆದದ್ದು ನೀಲೇಶ್ವರ ತಾಲೂಕು ಆಸ್ಪತ್ರೆಯಲ್ಲಿ. ಮಂಜೇಶ್ವರದವರಿಗೆ ಅದು ಸುಮಾರು 60 ಕಿ.ಮೀ. ದೂರ.

ಹೆರಾಯಿನ್‌ನಂತಹ ಅಫೀಮು ವರ್ಗದ ಚಟಕ್ಕೆ ಬುಪ್ರೆನಾರ್ಫಿನ್ ಮಾತ್ರೆ ತಿಂಗಳುಗಟ್ಟಲೆ ಬೇಕಾಗುತ್ತದೆ. ಚಿಕಿತ್ಸೆ ಅರ್ಧಕ್ಕೆ ಬಿಟ್ಟವನು ಪುನಃ ಹಳೇ ಪ್ರಮಾಣದಲ್ಲೇ ಅಮಲು ಸೇವಿಸಿದರೆ ಪ್ರಾಣಕ್ಕೇ ಅಪಾಯ. ದೇಹಕ್ಕೆ ಮೊದಲಿನ ತಾಳಿಕೆ ಉಳಿದಿರುವುದಿಲ್ಲ.

ಆದ್ದರಿಂದ ಎಷ್ಟು ಮಂದಿ ದಾಖಲಾದರು ಎಂಬುದಕ್ಕಿಂತ ಎಷ್ಟು ಮಂದಿ ಮತ್ತೆ ಬಂದರು ಎಂಬ ಲೆಕ್ಕ ಮುಖ್ಯ. ಮನಸ್ಸಿನ ಸಂಕಟ ಹೇಳಿಕೊಳ್ಳಲು ಮನೆಮಾತೇ ಬೇಕು. ಕನ್ನಡ, ತುಳು ಬಲ್ಲ ಕೌನ್ಸೆಲರ್, ಬಸ್ ಖರ್ಚು, ತಪ್ಪಿಸಿಕೊಂಡವರ ಮನೆಗೊಂದು ಫೋನ್ ಇವಕ್ಕೂ ಅನುದಾನದಲ್ಲಿ ಪಾಲಿರಲಿ.